ಗುಂಗುರು ಕೂದಲಿಗೆ ಮುರುಗಲ ತುಪ್ಪ

ಮುಂಬಯಿಯಲ್ಲಿ ಮಳೆ ಶುರುವಾದರೆ ನನ್ನ ಗುಂಗುರು ಕೂದಲು ತೆಂಗಿನ ನಾರಿನ ಹಾಗೆ ಉಬ್ಬಿ ನಿಲ್ಲುತ್ತದೆ. ಇಂಥ ಕೂದಲಿಗೆ ಹಚ್ಚುವ ಶಿಯಾ ಬೆಣ್ಣೆ (ಶಿಯಾ ಮರದ ಬೀಜದ ಕೊಬ್ಬು) ಆಫ್ರಿಕಾದಿಂದ ಬರಬೇಕು, ಬೆಲೆಯೂ ಜಾಸ್ತಿ. ನಮ್ಮ ಕೊಂಕಣದ ಮುರುಗಲ ತುಪ್ಪ, ಅಂದರೆ ಮುರುಗಲು (ಕೋಕಮ್) ಬೀಜದಿಂದ ತೆಗೆದ ಗಟ್ಟಿ ಎಣ್ಣೆ, ಇಲ್ಲೇ ಸಿಗುತ್ತದಲ್ವಾ! ಅಂಗಡಿಯಲ್ಲಿ 'ಕೋಕಮ್ ತೇಲ್' ಅಂತ ಕೇಳಿ. ಮೊಟ್ಟೆಯಾಕಾರದ ಬಿಳಿ ಗಟ್ಟಿ ಉಂಡೆ ಕೊಡುತ್ತಾರೆ. ಊರಲ್ಲಿ ಅಜ್ಜಿ ಒಡೆದ ಹಿಮ್ಮಡಿಗೆ ಹಚ್ಚುತ್ತಿದ್ದದ್ದು ಇದನ್ನೇ.

ಉಂಡೆಯನ್ನು ನೇರವಾಗಿ ತಲೆಗೆ ಉಜ್ಜಬೇಡಿ. ನಾನು ಉಜ್ಜಿದ್ದೆ. ಕೂದಲ ತುಂಬ ಮೇಣದಂಥ ಚೂರು, ಮೂರು ಸಲ ತೊಳೆದರೂ ಜಿಡ್ಡು ಹೋಗಲಿಲ್ಲ. ಇದು ಕರಗಲು ಸುಮಾರು 40 ಡಿಗ್ರಿ ಬೇಕು, ತೆಂಗಿನೆಣ್ಣೆಗೆ 24 ಸಾಕು. ಹಾಗಾಗಿ ಒಂದು ಚಮಚ ತುರಿದ ತುಪ್ಪಕ್ಕೆ ಮೂರು ಚಮಚ ತೆಂಗಿನೆಣ್ಣೆ ಸೇರಿಸಿ, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಆರಿದ ಮೇಲೆ ಮೆತ್ತಗೆ, ಬೆರಳಿಗೆ ಬರುವ ಹಾಗಾಗುತ್ತದೆ.

ಹಚ್ಚುವುದು ಒದ್ದೆ ಕೂದಲಿಗೆ. ಎಣ್ಣೆ ತೇವ ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತದೆ ಅಷ್ಟೆ. ಕಡಲೆಕಾಳಿನಷ್ಟು ತೆಗೆದು, ಅಂಗೈಯಲ್ಲಿ ಕಾಣದಂತಾಗುವವರೆಗೆ ತಿಕ್ಕಿ, ತುದಿಯಿಂದ ಮೇಲಕ್ಕೆ ಹಿಂಡುತ್ತಾ ಬನ್ನಿ. ಬುಡಕ್ಕೆ ಬೇಡ. ತಲೆಹೊಟ್ಟು ಇದ್ದವರಿಗಂತೂ ಬೇಡವೇ ಬೇಡ, ಎಣ್ಣೆ ತಿಂದೇ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಬೆಳೆಯುವುದು.

ಸಪೂರ, ನೇರ ಕೂದಲಿನವರಿಗೆ ಇದು ಭಾರವಾಗುತ್ತದೆ, ಸುಮ್ನೆ ತೆಂಗಿನೆಣ್ಣೆಯೇ ಸಾಕು. ಅದು ಕೂದಲೊಳಗೆ ಇಳಿಯುತ್ತದೆ. ತಲೆಸ್ನಾನಕ್ಕೆ ಮೊದಲು ಅರ್ಧ ಗಂಟೆ ಹಚ್ಚಿಕೊಳ್ಳಿ. ಹಾಂ, ಹಚ್ಚಿಕೊಂಡು ಮಲಗುವುದಾದರೆ ದಿಂಬಿಗೆ ಹಳೆ ಬಟ್ಟೆ ಸುತ್ತುವುದು ಮರೆಯಬೇಡಿ.