ಆಣಿ ಅಂದುಕೊಂಡಿದ್ದು ನರಹುಲಿಯಾಗಿತ್ತು

ಔಷಧಿ ಕೌಂಟರ್ ಹಿಂದೆ ನಿಂತು ಮುಲಾಮು ಕೊಡುವುದು ನನ್ನ ಕೆಲಸ. "ತೆಳ್ಳಗೆ ಹಚ್ಚಿ, ಮಧ್ಯದಲ್ಲಿ ಬಿಡಬೇಡಿ" ಅಂತ ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಮೈಗೇ ಬಂದಾಗ ನಾನು ಮಾಡಿದ್ದನ್ನು ಬೇರೆ ಯಾರಾದರೂ ಮಾಡಿದ್ದರೆ ಕೌಂಟರ್‌ನಲ್ಲೇ ಬೈದುಬಿಡುತ್ತಿದ್ದೆ.

ಮೊದಲು ಅಂಗಾಲು. ಹಿಮ್ಮಡಿಯ ಹತ್ತಿರ ಒಂದು ಗಟ್ಟಿ ಗಂಟು, ನಡೆದರೆ ಒಳಗೆ ಕಲ್ಲು ಸಿಕ್ಕಿಕೊಂಡ ಹಾಗೆ. ಆಣಿ ಅಂದುಕೊಂಡು ಕಾರ್ನ್ ಕ್ಯಾಪ್, ಅಂದರೆ ಆಣಿಗೆ ಅಂಟಿಸುವ ಔಷಧಿ ಪಟ್ಟಿ, ಅಂಟಿಸಿದೆ. ಅದರ ನಡುವೆ ಇರುವುದು ಗಟ್ಟಿ ಚರ್ಮ ಉದುರಿಸುವ 40% ಸ್ಯಾಲಿಸಿಲಿಕ್ ಆಸಿಡ್, ಸಾಮಾನ್ಯದ್ದಲ್ಲ. ದಿನವಿಡೀ ನಿಂತು ಓಡಾಡುವ ಕಾಲು, ಪಟ್ಟಿ ಪಕ್ಕಕ್ಕೆ ಜಾರಿತು. ಮೂರನೇ ದಿನ ಬಿಚ್ಚಿ ನೋಡಿದರೆ ಗಂಟು ಇದ್ದ ಹಾಗೇ ಇದೆ, ಪಕ್ಕದ ಒಳ್ಳೆಯ ಚರ್ಮ ಮಾತ್ರ ನೀರಲ್ಲಿ ನೆನೆದ ಕಾಗದದ ಹಾಗೆ ಬಿಳಿಚಿಕೊಂಡು ಕಿತ್ತು ಬರುತ್ತಿದೆ. ಮೂರು ದಿನ ಕುಂಟಿದೆ.

ಆಮೇಲೆ ಒಳ್ಳೆಯ ಬೆಳಕಲ್ಲಿ ಕೂತು ನೋಡಿದೆ. ಅಂಗಾಲಿನ ರೇಖೆಗಳು ಗಂಟಿನ ಹತ್ತಿರ ಬಂದು ಸುತ್ತಿಕೊಂಡು ಹೋಗಿದ್ದವು, ಅದರ ಮೇಲೆ ಹಾಯ್ದಿರಲಿಲ್ಲ. ಸ್ವಲ್ಪ ಉಜ್ಜಿದ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕಿಗಳು ಕಂಡವು, ಅವು ರಕ್ತ ಹೆಪ್ಪುಗಟ್ಟಿದ ಸಣ್ಣ ನಾಳಗಳು. ನೇರವಾಗಿ ಒತ್ತಿದರೆ ಅಷ್ಟೇನೂ ನೋವಿಲ್ಲ, ಎರಡು ಬೆರಳಲ್ಲಿ ಪಕ್ಕದಿಂದ ಹಿಂಡಿದರೆ ಪ್ರಾಣ ಹೋಗುವಷ್ಟು. ಆಣಿಯಾದರೆ ಸಾಮಾನ್ಯವಾಗಿ ಇದು ಉಲ್ಟಾ. ಚರ್ಮದ ಡಾಕ್ಟರಿಗೆ ತೋರಿಸಿದೆ, ನರಹುಲಿ ಅಂದರು. ವೈರಸ್‌ನಿಂದ ಬರುವಂಥದ್ದು.

ಔಷಧಿ ಮತ್ತೆ ಸ್ಯಾಲಿಸಿಲಿಕ್ ಆಸಿಡ್ಡೇ, ಆದರೆ ಈ ಸಲ 17% ಇರುವ ದ್ರವ. ರಾತ್ರಿ ಐದು ನಿಮಿಷ ಬಿಸಿನೀರಲ್ಲಿ ಕಾಲು ನೆನೆಸುವುದು, ಮೆತ್ತಗಾದ ಪದರವನ್ನು ಒರಟು ಕಲ್ಲಿನಿಂದ ಉಜ್ಜುವುದು, ಸುತ್ತಲಿನ ಒಳ್ಳೆಯ ಚರ್ಮಕ್ಕೆ ವ್ಯಾಸಲಿನ್ ಬಳಿಯುವುದು, ಆಮೇಲೆ ಗಂಟಿನ ಮೇಲೆ ಮಾತ್ರ ಒಂದು ಹನಿ ಬಿಟ್ಟು ಒಣಗುವವರೆಗೂ ಸುಮ್ನೆ ಕೂರುವುದು. ಆ ಕಲ್ಲನ್ನು ಬೇರೆ ಯಾವುದಕ್ಕೂ ಮುಟ್ಟಿಸಲಿಲ್ಲ, ಅದರಿಂದಲೇ ಇನ್ನೊಂದು ಕಡೆಗೆ ಹಬ್ಬಬಹುದು. ಉರಿ ಜಾಸ್ತಿಯಾದರೆ ಎರಡು ದಿನ ರಜೆ. ಇಷ್ಟು ಮಾಡಿ ಹೋಗಿದ್ದು ಹತ್ತನೇ ವಾರಕ್ಕೆ.

ಆಸಿಡ್ ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ, ಹಾಗಾಗಿ ಇಷ್ಟು ದಿನ. ಚರ್ಮದ ಮೇಲಿನ ಸತ್ತ ಪದರದಲ್ಲಿ ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಆ ಅಂಟನ್ನು ಅದು ಸಡಿಲ ಮಾಡುತ್ತದೆ ಅಷ್ಟೇ. ಪದರ ಉದುರಿದಂತೆ ವೈರಸ್ ಹೊಕ್ಕ ಕೋಶಗಳೂ ಉದುರುತ್ತವೆ. ಬೇಗ ಹೋಗಲಿ ಅಂತ ಜಾಸ್ತಿ ಸುರಿದರೆ ಸುಡುವುದು ನಮ್ಮದೇ ಚರ್ಮ. ಸಕ್ಕರೆ ಕಾಯಿಲೆ ಇದ್ದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಈ ಕೆಲಸಕ್ಕೆ ಮನೆಯಲ್ಲೇ ಕೈ ಹಾಕಲೇಬಾರದು. ಗಾಯವಾದರೂ ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ಬೇಗ ವಾಸಿಯಾಗುವುದಿಲ್ಲ.

ಇನ್ನು ತೊಡೆಸಂದಿನ ಹುಳುಕಡ್ಡಿ. ಹೇಳಲು ನಾಚಿಕೆ, ಆದರೆ ಎಲ್ಲರಿಗೂ ಬರುವಂಥದ್ದೇ ಅಲ್ವಾ. ನವೆ ತಡೆಯಲಾಗದೆ ಮನೆಯಲ್ಲಿ ಬಿದ್ದಿದ್ದ ಒಂದು ಟ್ಯೂಬ್ ಹಚ್ಚಿದೆ. ಫಂಗಸ್ ಔಷಧಿ, ಆಂಟಿಬಯೋಟಿಕ್, ಸ್ಟೀರಾಯ್ಡ್ ಮೂರೂ ಬೆರೆಸಿದ್ದು. ಎರಡೇ ದಿನಕ್ಕೆ ನವೆ ಮಾಯ, ಕೆಂಪು ಮಾಯ. ನಾನೂ ಟ್ಯೂಬ್ ಒಳಗಿಟ್ಟೆ. ಎರಡು ವಾರಕ್ಕೆ ಅದು ಹೊಟ್ಟೆಯ ಕೆಳಗಿನವರೆಗೂ ಹರಡಿತ್ತು, ಅದೂ ಉಂಗುರದ ಅಂಚೇ ಕಾಣದ ಹಾಗೆ. ಸ್ಟೀರಾಯ್ಡ್ ಉರಿಯೂತವನ್ನು ಅದುಮಿಡುತ್ತದೆ, ಫಂಗಸ್‌ಗೆ ತಡೆಯುವವರು ಯಾರೂ ಇಲ್ಲದ ಹಾಗಾಗುತ್ತದೆ. ಪ್ರತಿದಿನ ಇದನ್ನೇ ಜನರಿಗೆ ಹೇಳುವವನು ನಾನು!

ಎರಡನೇ ಪೆದ್ದುತನ ವಿಟ್‌ಫೀಲ್ಡ್ ಮುಲಾಮು. 6% ಬೆಂಜೋಯಿಕ್ ಆಸಿಡ್, 3% ಸ್ಯಾಲಿಸಿಲಿಕ್ ಆಸಿಡ್. ಹಳೇ ಕಾಲದ್ದು, ನನಗೆ ಇಷ್ಟದ ಔಷಧಿ, ಒಂದು ಫಂಗಸ್ಸನ್ನು ತಡೆಯುತ್ತದೆ, ಇನ್ನೊಂದು ಅದು ಮನೆ ಮಾಡಿಕೊಂಡ ಪದರವನ್ನೇ ಕಿತ್ತುಹಾಕುತ್ತದೆ. ಅಂಗಾಲಿನ ದಪ್ಪ ಚರ್ಮಕ್ಕೆ ಚೆನ್ನಾಗಿದೆ. ತೊಡೆಸಂದಿಗೆ ಹಚ್ಚಿಕೊಂಡ ರಾತ್ರಿ ಫ್ಯಾನ್ ಕೆಳಗೆ ಕಾಲು ಅಗಲಿಸಿಕೊಂಡು ನಿಂತಿದ್ದೆ, ಅಷ್ಟು ಹೇಳಿದರೆ ಸಾಕು.

ಕೊನೆಗೆ ವಾಸಿ ಮಾಡಿದ್ದು ಬರೀ ಫಂಗಸ್ ಔಷಧಿಯಾದ ಟರ್ಬಿನಾಫಿನ್ 1% ಕ್ರೀಮ್. ಈ ಫಂಗಸ್ ಹೊರಕ್ಕೆ ಬೆಳೆಯುತ್ತಾ ಹೋಗುತ್ತದೆ, ಜೀವಂತವಾಗಿರುವುದು ಹೆಚ್ಚಾಗಿ ಅಂಚಿನಲ್ಲೇ. ಅದಕ್ಕೆ ಕಣ್ಣಿಗೆ ಕಾಣುವ ಗುರುತಿನಿಂದ ಎರಡು ಸೆಂಟಿಮೀಟರ್ ಆಚೆಯಿಂದ ಶುರು ಮಾಡಿ ಒಳಕ್ಕೆ ಹಚ್ಚುತ್ತಿದ್ದೆ. ಸ್ನಾನವಾದ ಮೇಲೆ ಪೂರ್ತಿ ಒರೆಸಿ, ಒಣಗಿಸಿ, ಆಮೇಲೆ ಕ್ರೀಮ್. ಟವೆಲ್ ಬೇರೆ, ಒಳಉಡುಪು ಸಡಿಲವಾದ ಹತ್ತಿಯದ್ದು. ಐದನೇ ದಿನಕ್ಕೆ ನವೆ ನಿಂತಿತು, ಬಿಟ್ಟುಬಿಡೋಣ ಅನ್ನಿಸಿತು. ಬಿಡಲಿಲ್ಲ. ಚರ್ಮ ಪೂರ್ತಿ ಮಾಮೂಲಿಯಾದ ಮೇಲೂ ಎರಡು ವಾರ ಹಚ್ಚಿ ಅಂತ ಡಾಕ್ಟರು ಹೇಳಿದ್ದರು, ಹಚ್ಚಿದೆ. ಮತ್ತೆ ಬರಲಿಲ್ಲ.

ತಲೆಹೊಟ್ಟಿನ ಕಥೆ ಚಿಕ್ಕದು. ಕೀಟೋಕೋನಜೋಲ್ ಅನ್ನುವ ಫಂಗಸ್ ಔಷಧಿ 2% ಇರುವ ಶಾಂಪೂ ಕೆಲಸ ಮಾಡುವುದಿಲ್ಲ ಅಂತ ದೂರುತ್ತಿದ್ದೆ, ಯಾಕೆಂದರೆ ನೊರೆ ಬಂದ ಕೂಡಲೇ ತೊಳೆಯುತ್ತಿದ್ದೆ. ಐದು ನಿಮಿಷ ಬಿಟ್ಟು ತೊಳೆದ ಮೇಲೆ, ವಾರಕ್ಕೆ ಎರಡು ಸಲದಂತೆ, ಒಂದೇ ತಿಂಗಳಲ್ಲಿ ಸರಿಹೋಯಿತು. ಕೂದಲಿಗಲ್ಲ, ಬುರುಡೆಗೆ ತಾಗಬೇಕು.

ಬೆನ್ನಿನ ಮೊಡವೆಗೆ ಮಾತ್ರ ಇನ್ನೂ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುತ್ತಿದ್ದೇನೆ. ಇದು ಎರಡು ಕೆಲಸದ ಆಳು. ಆಮ್ಲಜನಕ ಬಿಡುಗಡೆ ಮಾಡಿ ಮೊಡವೆಯ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಕಟ್ಟಿಕೊಂಡ ರಂಧ್ರವನ್ನೂ ಸ್ವಲ್ಪ ಬಿಡಿಸುತ್ತದೆ. ಆಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವ ಹಾಗೆ ಇದಕ್ಕೆ ಒಗ್ಗಿಕೊಳ್ಳುವುದಿಲ್ಲ, ಅದಕ್ಕೇ ಕ್ಲಿಂಡಾಮೈಸಿನ್ ಅನ್ನುವ ಆಂಟಿಬಯೋಟಿಕ್ ಜೊತೆ ಇದನ್ನೂ ಸೇರಿಸಿ ಬರೆಯುತ್ತಾರೆ. 10% ಹಚ್ಚಿ ಬೆನ್ನು ಸಿಪ್ಪೆ ಎದ್ದ ಮೇಲೆ 2.5%ಗೆ ಇಳಿದೆ, ಕೆಲಸದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ, ಉರಿ ಮಾತ್ರ ಹೋಯಿತು. ಬಟ್ಟೆಯ ಬಣ್ಣ ತಿನ್ನುತ್ತದೆ ಅನ್ನುವುದನ್ನು ಮರೆತು ಮಲಗಿದ್ದೆ, ನೀಲಿ ಹಾಸಿಗೆಯ ಮೇಲೆ ನನ್ನ ಬೆನ್ನಿನ ಆಕಾರಕ್ಕೆ ಒಂದು ಬಿಳಿ ಮಚ್ಚೆ. ಹೆಂಡತಿ ಅದನ್ನು ನನ್ನ ಪಾಲಿಗೇ ಬಿಟ್ಟಿದ್ದಾಳೆ.