ಅತಿಥಿಗಳು ಮೊದಲು ಸ್ಟುಡಿಯೋಕ್ಕೆ ಬರಲಿ

ಕಲಬುರಗಿಯ ದೃಶ್ಯಕಲಾ ಕಾಲೇಜೊಂದರಲ್ಲಿ ಚಿತ್ರಕಲೆ ಕಲಿಸುವ ನನಗೆ, ಹೊರಗಿನ ಕಲಾವಿದರನ್ನೂ ವಿದ್ವಾಂಸರನ್ನೂ ಕರೆಸಿ ವಿದ್ಯಾರ್ಥಿಗಳ ಮುಂದೆ ಮಾತನಾಡಿಸುವ ಹೊಣೆ ಹಲವು ವರ್ಷಗಳಿಂದ ಅಂಟಿಕೊಂಡಿದೆ. ಈ ಕೆಲಸಕ್ಕೆ ನಾನು ಕಂಡುಕೊಂಡ ಕ್ರಮದ ತಿರುಳು ಇಷ್ಟೆ: ಬಂದವರು ತಮ್ಮ ಕೆಲಸ ತೋರಿಸುವ ಮೊದಲು ನಮ್ಮ ಹುಡುಗರ ಕೆಲಸವನ್ನು ನೋಡಬೇಕು, ಹುಡುಗರು ಅತಿಥಿಯ ವಿಷಯಕ್ಕೆ ಸಂಬಂಧಪಟ್ಟ ಯಾವುದಾದರೊಂದು ವಸ್ತುವನ್ನು ಮುಂಚಿತವಾಗಿಯೇ ಕಣ್ಣಾರೆ ಕಂಡು, ಸಾಧ್ಯವಾದರೆ ಕೈಯಾರೆ ಮುಟ್ಟಿರಬೇಕು.

ನಮ್ಮಲ್ಲಿ ಉಪನ್ಯಾಸವೆಂದರೆ ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಪರಿಚಯ, ಶಾಲು, ಹಾರ, ಅಧ್ಯಕ್ಷೀಯ ನುಡಿ, ವಂದನಾರ್ಪಣೆ. ಇವೆಲ್ಲದರ ನಡುವೆ ಅತಿಥಿಗೆ ಉಳಿಯುವುದು ಊಟದ ಹೊತ್ತು ಸಮೀಪಿಸಿದ ಕೊನೆಯ ಅರ್ಧ ಗಂಟೆ. ನಾನು ಮರ್ಯಾದೆಯನ್ನು ಕೈಬಿಡಲಿಲ್ಲ. ಶಾಲು ಹಾರಗಳನ್ನು ಪ್ರಾಚಾರ್ಯರ ಕೊಠಡಿಗೆ ಸಾಗಿಸಿದೆ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದವರು ಬೆಳಿಗ್ಗೆ ಇಲ್ಲಿ ಇಳಿಯುತ್ತಾರೆ. ಸ್ನಾನ, ಉಪಾಹಾರ ಮುಗಿಸಿದ ಮೇಲೆ ಅವರನ್ನು ನೇರವಾಗಿ ಸ್ಟುಡಿಯೋಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಅಂತಿಮ ವರ್ಷದ ದೃಶ್ಯಕಲಾ ಪದವಿ (ಬಿವಿಎ) ವಿದ್ಯಾರ್ಥಿಗಳು ತಂತಮ್ಮ ಈಸೆಲ್‌ ಬಳಿ ಅರೆಬರೆ ಕೆಲಸದೊಂದಿಗೆ ನಿಂತಿರುತ್ತಾರೆ. ಮುಗಿದ ಚಿತ್ರಗಳನ್ನು ಗೋಡೆಗೆ ತೂಗುಹಾಕಿ ಪ್ರದರ್ಶನ ಮಾಡಬೇಡಿ ಎಂದು ಅವರಿಗೆ ಕಟ್ಟುನಿಟ್ಟಾಗಿ ಹೇಳಿರುತ್ತೇನೆ, ಏಕೆಂದರೆ ಮುಗಿದ ಚಿತ್ರದ ಮುಂದೆ ಯಾವ ಅತಿಥಿಯೂ ಹೊಗಳಿಕೆಯ ನಾಲ್ಕು ಮಾತು ಆಡಿ ಮುಂದೆ ಸಾಗುತ್ತಾರೆ. ಅರೆಬರೆ ಚಿತ್ರದ ಮುಂದೆ ನಿಂತು ಕೇಳುತ್ತಾರೆ. ಮಧ್ಯಾಹ್ನದ ಉಪನ್ಯಾಸದಲ್ಲಿ ಬೆಳಿಗ್ಗೆ ಕಂಡ ಚಿತ್ರವೊಂದರ ಪ್ರಸ್ತಾಪ ಬಂತೆಂದರೆ ಹಿಂದಿನ ಸಾಲಿನವರೂ ನೆಟ್ಟಗೆ ಕೂರುತ್ತಾರೆ.

ಪೂರ್ವಸಿದ್ಧತೆ ಪ್ರತಿ ವಿಷಯಕ್ಕೂ ಬೇರೆ ಬೇರೆ. ಪ್ರಾಚೀನ ಶಿಲ್ಪದ ಬಗ್ಗೆ ಮಾತನಾಡಲು ಇತಿಹಾಸದ ವಿದ್ವಾಂಸರೊಬ್ಬರು ಒಪ್ಪಿದಾಗ, ಅವರು ಬರುವ ಮೊದಲೇ ವಿದ್ಯಾರ್ಥಿಗಳನ್ನು ಚಿತ್ತಾಪುರ ತಾಲ್ಲೂಕಿನ ಸನ್ನತಿಗೂ ಪಕ್ಕದ ಕನಗನಹಳ್ಳಿಗೂ ಕರೆದುಕೊಂಡು ಹೋದೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿದ ನಂತರ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಕಾಣಿಸಿಕೊಂಡ ಸಂಗತಿ ಹುಡುಗರಿಗೆ ಪಠ್ಯದಿಂದ ಗೊತ್ತಿತ್ತು. ಕನಗನಹಳ್ಳಿಯ ಸ್ತೂಪದ ಫಲಕವೊಂದರಲ್ಲಿ ಅರಸನ ಉಬ್ಬುಶಿಲ್ಪದ ಜೊತೆ ಬ್ರಾಹ್ಮಿ ಲಿಪಿಯಲ್ಲಿ ‘ರಾಯಾ ಅಸೋಕೋ’ ಎಂದು ಕೆತ್ತಿರುವುದೂ ಗೊತ್ತಿತ್ತು. ಗೊತ್ತಿರದಿದ್ದದ್ದು ಆ ಕಲ್ಲಿನ ಸ್ವಭಾವ. ಅದು ಸುಣ್ಣಕಲ್ಲು, ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ ಪರಸಿಯೂ ಸುಣ್ಣಕಲ್ಲೇ. ಹಿಂತಿರುಗಿದ ಮೇಲೆ ಶಿಲ್ಪ ವಿಭಾಗದ ಶೆಡ್ಡಿನಲ್ಲಿ ಒಡೆದ ಪರಸಿಯ ತುಂಡುಗಳ ಮೇಲೆ ಉಳಿ ಇಟ್ಟು, ಒಂದು ಬೆರಳಿನಷ್ಟು ಉಬ್ಬು ತೆಗೆಯಲು ಎಷ್ಟು ಹಿನ್ನೆಲೆಯನ್ನು ಕೆತ್ತಿ ಹಾಕಬೇಕಾಗುತ್ತದೆ ಎಂದು ಅವರೇ ಪ್ರಯತ್ನಿಸಿ ನೋಡಿದರು. ಹೀಗಾಗಿ ವಿದ್ವಾಂಸರು ಕನಗನಹಳ್ಳಿಯ ಆ ಫಲಕದ ಬರಹವನ್ನು ವಿವರಿಸುತ್ತಿದ್ದಾಗ ಎರಡನೆಯ ವರ್ಷದ ಹುಡುಗಿಯೊಬ್ಬಳು ಎದ್ದು, ಅಕ್ಷರಕ್ಕೆ ಜಾಗ ಬಿಟ್ಟು ಶಿಲ್ಪ ಕೆತ್ತಿದರೋ, ಶಿಲ್ಪ ಮುಗಿದ ಮೇಲೆ ಉಳಿದ ಪಟ್ಟಿಯಲ್ಲಿ ಅಕ್ಷರ ಕೆತ್ತಿದರೋ ಎಂದು ಕೇಳಿದಳು. ಲಿಪಿಯನ್ನೇ ನೋಡುತ್ತ ಬಂದಿದ್ದ ಆ ಹಿರಿಯರು ಸ್ಲೈಡನ್ನು ಹಿಂದಕ್ಕೆ ಸರಿಸಿ, ಉಳಿಯ ಗುರುತುಗಳನ್ನು ಹುಡುಕುತ್ತ ಬಹಳ ಹೊತ್ತು ಅದೇ ಫಲಕದ ಮೇಲೆ ನಿಂತರು.

ಕ್ಯಾಲೆಂಡರ್ ಚಿತ್ರಗಳ ವಿಷಯದಲ್ಲಿ ಸಿದ್ಧತೆ ಇನ್ನೂ ಸುಲಭವಾಯಿತು. 1916ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಜಾಹೀರಾತು ಚಿತ್ರಗಳಿಂದಲೂ ಪುರಾಣದ ಕ್ಯಾಲೆಂಡರುಗಳಿಂದಲೂ ದೇಶಕ್ಕೆಲ್ಲ ಪರಿಚಿತರಾದ ಎಸ್. ಎಂ. ಪಂಡಿತರ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಕೇಳಿರುತ್ತಾರೆ. ಆದರೆ ಮುದ್ರಿತ ಚಿತ್ರವನ್ನು ಕಲೆಯ ಚರ್ಚೆಗೆ ಎಳೆತರಲು ಅವರಿಗೆ ಒಳಗೊಳಗೇ ಸಂಕೋಚ. ಮುದ್ರಣದ ಇತಿಹಾಸ ಬಲ್ಲ ವಿದುಷಿಯೊಬ್ಬರು ಬರುವುದು ನಿಶ್ಚಯವಾದಾಗ, ಮನೆಯಲ್ಲಿರುವ ಹಳೆಯ ದೇವರ ಪಟ, ಕ್ಯಾಲೆಂಡರ್ ಯಾವುದಿದ್ದರೂ ತರಬೇಕೆಂದು ಸೂಚಿಸಿದೆ. ಅಫಜಲಪುರ ಕಡೆಯ ಹುಡುಗನೊಬ್ಬ ಗಾಜು ಒಡೆದ ಪಟವನ್ನು ಟವೆಲಿನಲ್ಲಿ ಸುತ್ತಿ ತಂದು, “ಸರ, ಇದು ನಮ್ಮ ಮುತ್ಯಾ ಇದ್ದಾಗಿಂದ ನಮ್ಮ ಮನ್ಯಾಗ ಅದರಿ” ಎಂದ. ಆಕೆ ತಾವು ತಂದಿದ್ದ ಸ್ಲೈಡುಗಳಲ್ಲಿ ಅರ್ಧದಷ್ಟನ್ನು ಬದಿಗಿಟ್ಟು, ಮೇಜಿನ ಮೇಲೆ ಹರಡಿದ್ದ ಪಟಗಳನ್ನೇ ಒಂದೊಂದಾಗಿ ಎತ್ತಿಕೊಂಡು, ಬಣ್ಣದ ಪದರಗಳು ಒಂದರ ಮೇಲೊಂದು ಸರಿಯಾಗಿ ಕೂರದೆ ಅಂಚಿನಲ್ಲಿ ಜಾರಿರುವುದನ್ನೂ, ಪ್ರೆಸ್ಸಿನ ಹೆಸರು ಅಡಿಯಲ್ಲಿ ಎಲ್ಲಿ ಇರುತ್ತದೆಂಬುದನ್ನೂ ಭೂತಗನ್ನಡಿಯಲ್ಲಿ ತೋರಿಸಿದರು.

ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕುಶಲಕರ್ಮಿಗಳನ್ನು ಕರೆಸಿದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಫಲ ಕೊಟ್ಟ ಪ್ರಯೋಗ. ಸಭಾಂಗಣವನ್ನು ಅವರಿಗೆ ತೋರಿಸಲೇ ಇಲ್ಲ. ಶೆಡ್ಡಿನಲ್ಲಿ ಚಾಪೆ ಹಾಸಿ ಎಲ್ಲರೂ ಕುಳಿತೆವು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಗಳನ್ನು ಅವರು ತಂದಿದ್ದರು. ಅರದಿಂದ ಉಜ್ಜಿ ನಯಗೊಳಿಸುವ ಕೆಲಸವನ್ನು ಹುಡುಗರಿಗೆ ಒಪ್ಪಿಸಿದರು. ಆ ಮೇಲೆ ಮೈಲುತುತ್ತದ ನೀರು ಸವರಿದಾಗ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಕೊರೆದ ಗೆರೆ ಎದ್ದು ಕಾಣಲಿ ಎಂಬುದಷ್ಟೇ ಅದರ ಉದ್ದೇಶ. ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸುವುದು ತಾರಕಶಿ. ತಗಡು ಕೂರಿಸುವ ಕ್ರಮವೂ ಉಂಟು. ಕೊನೆಗೆ ಪಾತ್ರೆಯನ್ನು ಹದವಾಗಿ ಬಿಸಿ ಮಾಡಿ, ನವಸಾಗರ ಬೆರೆಸಿದ ಬೀದರ್ ಕೋಟೆಯ ಮಣ್ಣಿನ ಪಾಕವನ್ನು ಉಜ್ಜಿದರೆ ಮಿಶ್ರಲೋಹ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಬಿಸಿಲು ಮಳೆಗೆ ಸಿಗದ ಒಳಭಾಗದ ಮಣ್ಣೇ ಬೇಕೆಂದು ಅವರು ಹೇಳಿದ್ದೇ ತಡ, ಹುಡುಗನೊಬ್ಬ ಮರುದಿನ ನಮ್ಮ ಕಲಬುರಗಿ ಕೋಟೆಯ ಮಣ್ಣನ್ನು ಕಾಗದದಲ್ಲಿ ಕಟ್ಟಿ ತಂದ. ಉಸ್ತಾದರು ಚೂರು ನಾಲಿಗೆಗೆ ಹಚ್ಚಿ ನೋಡಿ, ತಲೆ ಅಲ್ಲಾಡಿಸಿ, ಪೊಟ್ಟಣವನ್ನು ಮರಳಿಸಿದರು.

ಇವರಿಗೆ ಕೊಡುವ ಸಂಭಾವನೆ ಪ್ರಾಧ್ಯಾಪಕರಿಗೆ ಕೊಡುವಷ್ಟೇ ಇರಬೇಕೆಂಬುದು ನನ್ನ ಹಟ. ನಮೂನೆಯಲ್ಲಿ ‘ವಿದ್ಯಾರ್ಹತೆ’ ಎಂಬ ಅಂಕಣವಿರುವುದರಿಂದ ಕಚೇರಿಯ ಟಿಪ್ಪಣಿಯಲ್ಲಿ ಒಂದು ಪುಟ ಹೆಚ್ಚು ಬರೆಯಬೇಕಾಗುತ್ತದೆ: ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತದ್ದು, ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು, ಕರೆಸುತ್ತಿರುವವರು ಎಷ್ಟು ಕಾಲದಿಂದ ಈ ಕಸುಬಿನಲ್ಲಿದ್ದಾರೆಂಬುದು. ಟಿಪ್ಪಣಿ ಗಟ್ಟಿಯಾಗಿದ್ದರೆ ಕಡತ ತಡೆಯುವುದಿಲ್ಲ. ಪ್ಯಾನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಬಂದ ದಿನವೇ ಪಡೆದುಕೊಳ್ಳುವುದು ಲೇಸು.

ಭಾಷೆಯ ತೊಡಕಿಗೆ ನಾನು ಮಾಡಿಕೊಂಡ ಉಪಾಯ ಸರಳವಾದದ್ದು. ಅತಿಥಿಯು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತನಾಡುವುದಾದರೆ, ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ನಿಲ್ಲಬೇಕೆಂದು ಮೊದಲೇ ಕೋರುತ್ತೇನೆ. ಆಗ ಹಿರಿಯ ವಿದ್ಯಾರ್ಥಿಯೊಬ್ಬರು ಅಷ್ಟು ಹೊತ್ತಿನ ಮಾತನ್ನು ಕನ್ನಡದಲ್ಲಿ ಸಂಗ್ರಹಿಸಿ ಹೇಳುತ್ತಾರೆ. ಆ ಬಿಡುವಿನಲ್ಲಿ ಅತಿಥಿಯೂ ನೀರು ಕುಡಿದು, ಮುಂದಿನ ಮಾತು ಯಾವುದೆಂದು ಯೋಚಿಸಿಕೊಳ್ಳುತ್ತಾರೆ. ಪ್ರಶ್ನೆಯ ವೇಳೆಯಲ್ಲಿ ಮೊದಲ ಅವಕಾಶ ವಿದ್ಯಾರ್ಥಿಗಳಿಗೆ. ಅಧ್ಯಾಪಕರಾದ ನಾವು ಪ್ರಶ್ನೆ ಕೇಳುವ ನೆಪದಲ್ಲಿ ಇನ್ನೊಂದು ಉಪನ್ಯಾಸವನ್ನೇ ಕೊಟ್ಟುಬಿಡುತ್ತೇವೆ.

ಪ್ರೊಜೆಕ್ಟರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಸುರಪುರದ ನಾಯಕ ಅರಸರ ಆಶ್ರಯದಲ್ಲಿ ಬೆಳೆದ ಕಿರುಚಿತ್ರಗಳ ಚಿನ್ನದ ಕೆಲಸ ಪರದೆಯ ಮೇಲೆ ಮಂಕು ಹಳದಿಯಾಗಿಬಿಡುತ್ತದೆ. ಅಂಥ ವಿಷಯಕ್ಕೆ ಒಳ್ಳೆಯ ಮುದ್ರಿತ ಪ್ರತಿಗಳನ್ನು ತರಿಸಿ, ನಾಲ್ಕೈದು ಜನರಂತೆ ಮೇಜಿನ ಸುತ್ತ ಕೂರಿಸುವುದು ಮೇಲು. ಮಾರ್ಚ್ ತಿಂಗಳಿಂದ ಮೇ ಮುಗಿಯುವವರೆಗೆ ನಾನು ಯಾರನ್ನೂ ಕರೆಯುವುದಿಲ್ಲ. ನಲವತ್ತು ಡಿಗ್ರಿ ದಾಟಿದ ಬಿಸಿಲಿನಲ್ಲಿ ಮಾತು ಆಡುವವರಿಗೂ ಕೇಳುವವರಿಗೂ ಶಿಕ್ಷೆ.

ಈಗ ಆಹ್ವಾನ ಪತ್ರದಲ್ಲೇ ಇವೆಲ್ಲವನ್ನೂ ಸ್ಪಷ್ಟವಾಗಿ ಬರೆಯುತ್ತೇನೆ: ಒಂದು ದಿನದ ಬದಲು ಎರಡು ದಿನ ಇರಬೇಕು, ಬೆಳಿಗ್ಗೆ ಸ್ಟುಡಿಯೋದಲ್ಲಿ ಸುತ್ತಾಡಬೇಕು, ಅನುಮತಿ ಕೊಟ್ಟರೆ ಮಾತ್ರ ಧ್ವನಿಮುದ್ರಣ ಮಾಡುತ್ತೇವೆ, ಸ್ಲೈಡುಗಳ ಪ್ರತಿಯನ್ನು ಕೇಳುವುದಿಲ್ಲ, ಮಾತನಾಡುತ್ತಿರುವಾಗ ವಿದ್ಯಾರ್ಥಿಗಳು ನಿಮ್ಮ ರೇಖಾಚಿತ್ರ ಬಿಡಿಸುತ್ತ ಕೂತಿದ್ದರೆ ಅದನ್ನು ಅಲಕ್ಷ್ಯವೆಂದು ತಿಳಿಯಬಾರದು. ಬಹುತೇಕರು ಸಂತೋಷದಿಂದ ಒಪ್ಪುತ್ತಾರೆ. ಒಪ್ಪದವರನ್ನು ಒತ್ತಾಯಿಸಲು ಹೋಗುವುದಿಲ್ಲ. ಭಾಷಣ ಮಾಡಿ ಹೋಗಲು ಈ ಊರಿನಲ್ಲಿ ಬೇರೆ ವೇದಿಕೆಗಳು ಬೇಕಾದಷ್ಟಿವೆ.