ನಾಲ್ಕು ಹೆಜ್ಜೆ, ಒಂದು ಹೆಬ್ಬೆರಳು

ಮಂಡ್ಯ ಪಕ್ಕದ ನಮ್ಮೂರಲ್ಲಿ ಹುಡುಗರಿಗೆ ಕಬಡ್ಡಿ ಕಲಿಸಲು ಶುರು ಮಾಡಿ ಹನ್ನೆರಡು ವರ್ಷವಾಯಿತು. ಮೊದಲೆಲ್ಲ ಯಾರು ಬಿದ್ದರೂ ಒಂದೇ ಮದ್ದು: ಎಣ್ಣೆ ಹಾಕಿ ನೀವುವುದು, ಸುಣ್ಣ-ಬೆಲ್ಲ ಹಚ್ಚಿ ಕಟ್ಟುವುದು. ನನಗೆ ಕೈಗುಣ ಇದೆ ಅಂತ ಹೆಸರು ಬೇರೆ!

ಆ ಹೆಸರು ಕೆಟ್ಟಿದ್ದು ಒಬ್ಬ ರೈಡರನ ಮಂಡಿಯಿಂದ. ತಿರುಗುವಾಗ 'ಟಕ್' ಅಂದಿತು. ಗಂಟೆಯೊಳಗೆ ತೆಂಗಿನಕಾಯಿ ಗಾತ್ರ ಊದಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಲಿಗಮೆಂಟ್ ಎಕ್ಸ್‌ರೇಯಲ್ಲಿ ಕಾಣಲ್ಲ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೂರು ವಾರ ಬಿಟ್ಟು ಆಡಿಸಿದೆ. ಮಂಡಿ ಮತ್ತೆ ಜಾರಿತು. ಎಂಆರ್‌ಐ ಮಾಡಿಸಿದರೆ ಮಂಡಿಯೊಳಗಿನ ಎಸಿಎಲ್ ಅನ್ನುವ ಲಿಗಮೆಂಟ್ ಹರಿದಿತ್ತು, ಜೊತೆಗೆ ಮೂಳೆಗಳ ನಡುವಿನ ಮೆತ್ತೆ, ಮೆನಿಸ್ಕಸ್ಸೂ. ಒಟ್ಟು ಖರ್ಚು ಒಂದೂವರೆ ಲಕ್ಷದ ಹತ್ತಿರ. ಅವರಪ್ಪನ ಆ ವರ್ಷದ ಕಬ್ಬಿನ ದುಡ್ಡೆಲ್ಲ ಅಲ್ಲೇ ಹೋಯಿತು. ನಾನು ಇಪ್ಪತ್ತು ಸಾವಿರ ಕೊಟ್ಟೆ. ಅವರ ಮನೆ ಮುಂದೆ ಇವತ್ತಿಗೂ ಬೈಕ್ ನಿಧಾನ ಮಾಡಲ್ಲ.

ಆಮೇಲೆ ಒಬ್ಬ ಫಿಸಿಯೋ ಹತ್ತಿರ ಕೂತು ಕಲಿತೆ. ಪಾದದ ಗಂಟಿಗೆ ಪೆಟ್ಟಾದರೆ ಎಕ್ಸ್‌ರೇ ಬೇಕೋ ಬೇಡವೋ ಅಂತ ನೋಡಲು ಕೆನಡಾದ ಒಟ್ಟಾವಾ ಡಾಕ್ಟರುಗಳ ಲೆಕ್ಕ ಇದೆ. ಬಿದ್ದಾಗಲೂ ಆಮೇಲೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ. ಕುಂಟಿಕೊಂಡು ಇಟ್ಟರೂ ಹೆಜ್ಜೆಯೇ. ನಡೆದರೂ, ಗಂಟಿನ ಮೂಳೆಯ ಹಿಂಬದಿ ಒತ್ತಿದಾಗ ನೋವಾದರೆ ಎಕ್ಸ್‌ರೇ. ಒತ್ತುತ್ತಿರುವುದು ಮೂಳೆಯೋ ಊತವೋ ಅಂತ ಹೆಬ್ಬೆರಳಿಗೆ ತಿಳಿಯಲು ನನಗೆ ಒಂದು ಸೀಸನ್ ಹಿಡಿಯಿತು. ತಲೆಗೆ ಪೆಟ್ಟು ಬಿದ್ದು ವಾಂತಿ, ತಬ್ಬಿಬ್ಬು ಆದರೆ ಈ ಒತ್ತಿ ನೋಡುವ ಆಟ ಬೇಡ, ನೇರ ಆಸ್ಪತ್ರೆ.

ನಡುವೆ ಊತವನ್ನು ದಾರದಲ್ಲಿ ಅಳೆಯಲು ಹೋದೆ. ಒಂದೇ ಕಾಲಿಗೆ ಮೂರು ಅಳತೆ ಬಂತು, ಬಿಟ್ಟೆ.

ಗರಡಿ ಮನೆಯ ಹಿರಿಯರೊಬ್ಬರು 'ಬೆರಳಲ್ಲಿ ಒತ್ತಿ ಶಾಸ್ತ್ರ ಹೇಳ್ತಾನೆ' ಅಂತ ನಗುತ್ತಿದ್ದರು. ಹೋದ ವರ್ಷ ತಾಲ್ಲೂಕು ಪಂದ್ಯದಲ್ಲಿ ನಮ್ಮ ಕಾರ್ನರ್ ಹುಡುಗನ ಕಾಲು ಮಡಚಿತು. ಊತವೇ ಇಲ್ಲ. 'ಉಳುಕು, ಎರಡು ಎಳೆತಕ್ಕೆ ಸರಿಹೋಗುತ್ತೆ' ಅಂದರು ಅವರು. ನಾನು ಒತ್ತಿದೆ, ಹುಡುಗ ಕಿರುಚಿದ. ಎಕ್ಸ್‌ರೇಯಲ್ಲಿ ಬಿರುಕು! ಆರು ವಾರ ಪ್ಲಾಸ್ಟರ್, ಮೂರು ಸಾವಿರದೊಳಗೆ ಮುಗಿಯಿತು. ಈಗ ಆ ಹಿರಿಯರೇ ತಮ್ಮ ಪೈಲ್ವಾನರನ್ನು ನನ್ನ ಹತ್ತಿರ ಕಳಿಸುತ್ತಾರೆ.

ಮೂರು ಸೀಸನ್ನಲ್ಲಿ ಹದಿನಾಲ್ಕೋ ಹದಿನೈದೋ ಜನರನ್ನು ಎಕ್ಸ್‌ರೇಗೆ ಕಳಿಸಿದ್ದೇನೆ. ಐವರಿಗೆ ಮೂಳೆ ಬಿರುಕಿತ್ತು. ಉಳಿದವರ ಮನೆಯವರು 'ಸುಮ್ನೆ ನಾನೂರು ರೂಪಾಯಿ ದಂಡ' ಅಂತ ಗೊಣಗಿದರು. ಗೊಣಗಲಿ ಬಿಡಿ.

ಫೈನಲ್ ಹಿಂದಿನ ದಿನ ನೋವು ಮುಚ್ಚಿಡುವವರನ್ನು ಹಿಡಿಯಲು ಒಂದು ಉಪಾಯ ಇದೆ. ಬರೆಯಲ್ಲ, ನಮ್ಮ ಹುಡುಗರೂ ಇದನ್ನು ಓದುತ್ತಾರೆ.

ಸದ್ಯ ಒಬ್ಬನ ಮಣಿಕಟ್ಟಿನ ಮೇಲೆ ಅನುಮಾನ. ಹೆಬ್ಬೆರಳ ಬುಡದ ಗುಳಿ ಒತ್ತಿದರೆ ನೋವು, ಎಕ್ಸ್‌ರೇ ಮಾತ್ರ ಸರಿ ಇದೆ. ಅಲ್ಲಿನ ಬಿರುಕು ಮೊದಲ ಸಲ ಕಾಣದೇ ಇರಬಹುದು. ಡಾಕ್ಟರ್ ಪಟ್ಟಿ ಹಾಕಿ ಹತ್ತು ದಿನ ಬಿಟ್ಟು ಬರಲು ಹೇಳಿದ್ದಾರೆ. ಶುಕ್ರವಾರ ಹೋಗಬೇಕು.